ಕೋನಂಟ್, ಜೇಮ್ಸ್ ಬ್ರಯಂಟ್

1893-1978. ಅಮೆರಿಕದ ರಸಾಯನವಿಜ್ಞಾನಿ, 1933ರಿಂದ 1953ರವರೆಗೆ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷ, ಎರಡನೆಯ ಮಹಾಯುದ್ಧದಲ್ಲಿ ಪರಮಾಣು ಬಾಂಬಿನ ಯೋಜನೆಯ ಮೇಲ್ವಿಚಾರಣೆ ನಡೆಸಿದ ಕೆಲವೇ ಜನರಲ್ಲಿ ಒಬ್ಬ, ಅನಂತರ ಪಶ್ಚಿಮ ಜರ್ಮನಿಯಲ್ಲಿ ಅಮೆರಿಕದ ರಾಯಭಾರಿ. ವಿಜ್ಞಾನಿಗಳು ವಿಶ್ವವಿದ್ಯಾಲಯಗಳ ಚುಕ್ಕಾಣಿ ಹಿಡಿಯುವುದು ಇಂದು ಯಾರಿಗೂ ವಿಶೇಷವೆನಿಸದು. ಆದರೆ ಆಡಳಿತದ ಅನುಭವ ಹೆಚ್ಚೇನೂ ಇಲ್ಲದೆ ನಲವತ್ತನೆಯ ವಯಸ್ಸಿಗೆ ಅಷ್ಟು ದೊಡ್ಡ ಪೀಠವೇರಿ, ಪ್ರಯೋಗಶಾಲೆಯಲ್ಲಿ ಕಲಿತ ಮನೋಧರ್ಮವನ್ನೇ ಮೊದಲು ತನ್ನ ಸಂಸ್ಥೆಗೆ, ಆಮೇಲೆ ದೇಶದ ಶಿಕ್ಷಣಕ್ಕೆ ಅನ್ವಯಿಸಿದವರು ಕಡಿಮೆ. ಯಾವುದನ್ನೇ ಆಗಲಿ ಅಳೆಯಬಹುದು, ಅಳೆದದ್ದನ್ನು ಬೇರ್ಪಡಿಸಬಹುದು, ಬೇರ್ಪಡಿಸಿದರೆ ಶುದ್ಧವಾದದ್ದು ಕೈಗೆ ಸಿಗುತ್ತದೆ ಎಂಬ ನಂಬಿಕೆ ಈತನದು. ಈತನ ದೊಡ್ಡ ಕೆಲಸಗಳೂ ದೊಡ್ಡ ತಪ್ಪುಗಳೂ ಈ ಒಂದೇ ನಂಬಿಕೆಯಿಂದ ಹೊರಟವು.

ಬಾಲ್ಯ, ವ್ಯಾಸಂಗ

ಬಾಸ್ಟನ್ ನಗರದ ಡಾರ್ಚೆಸ್ಟರ್ ಬಡಾವಣೆಯಲ್ಲಿ 1893ರ ಮಾರ್ಚ್ 26ರಂದು ಜನನ. ತಂದೆ ಜೇಮ್ಸ್ ಸ್ಕಾಟ್ ಕೋನಂಟ್ ಅಚ್ಚಿನ ಚಿತ್ರಗಳಿಗೆ ಬ್ಲಾಕ್ ತಯಾರಿಸುವ ಉದ್ಯಮದವ. ಬ್ಲಾಕಿನ ಕೆಲಸವೆಂದರೆ ಆಮ್ಲದಿಂದ ಲೋಹ ಕೊರೆಯುವುದು. ಅಂಥ ಮನೆಯ ಹುಡುಗನಿಗೆ ರಸಾಯನದ ಗೀಳು ಹತ್ತಿದ್ದರಲ್ಲಿ ಆಶ್ಚರ್ಯವಿಲ್ಲ. ವಂಶ ಹಳೆಯ ಪ್ಯೂರಿಟನ್ ವಲಸಿಗರದ್ದಾದರೂ ಬಾಸ್ಟನ್ನಿನ ಸಿರಿವಂತ ಕುಲೀನರ ಸಾಲಿನದಲ್ಲ. ಹಾರ್ವರ್ಡಿನಲ್ಲಿ ಆಗ ಹಣ ಮತ್ತು ಮನೆತನಗಳಿಗೆ ಇದ್ದ ಮನ್ನಣೆಯನ್ನು ಕೋನಂಟ್ ಒಳಗಿನವನಾಗಿಯೂ ಹೊರಗಿನವನಾಗಿಯೂ ನೋಡಿ ಬೆಳೆದ.

ರಾಕ್ಸ್‌ಬರಿ ಲ್ಯಾಟಿನ್ ಶಾಲೆಯ ವಿಜ್ಞಾನದ ಮೇಷ್ಟ್ರು ನ್ಯೂಟನ್ ಹೆನ್ರಿ ಬ್ಲ್ಯಾಕ್ ಹುಡುಗನ ಪ್ರತಿಭೆಯನ್ನು ಗುರುತಿಸಿ, ಶಾಲೆಯಲ್ಲಿರುವಾಗಲೇ ಕಾಲೇಜಿನ ಪಾಠಗಳನ್ನು ಓದಿಸಿದ. ಮುಂದೆ 1920ರಲ್ಲಿ ಗುರುಶಿಷ್ಯರಿಬ್ಬರೂ ಸೇರಿ ಬರೆದ ರಸಾಯನದ ಪಠ್ಯಪುಸ್ತಕ ಅಮೆರಿಕದ ಶಾಲೆಗಳಲ್ಲಿ ಬಹುಕಾಲ ನಡೆಯಿತು. 1910ರಲ್ಲಿ ಹಾರ್ವರ್ಡ್ ಸೇರಿದ ಕೋನಂಟ್ ಪದವಿಯ ಪಾಠಗಳನ್ನು ಮೂರೇ ವರ್ಷಗಳಲ್ಲಿ ಮುಗಿಸಿ 1916ರಲ್ಲಿ ಡಾಕ್ಟರೇಟ್ ಪಡೆದ. ಪ್ರಬಂಧದ ಒಂದು ಭಾಗ ಭೌತ ರಸಾಯನಕ್ಕೆ, ಇನ್ನೊಂದು ಸಾವಯವ ರಸಾಯನಕ್ಕೆ ಸೇರಿದ್ದು. ಮಾರ್ಗದರ್ಶಕರು ಥಿಯೋಡರ್ ರಿಚರ್ಡ್ಸ್ ಮತ್ತು ಎಲ್ಮರ್ ಕೋಲರ್. ರಸಾಯನವಿಜ್ಞಾನದಲ್ಲಿ ನೊಬೆಲ್ ಪಡೆದ ಮೊದಲ ಅಮೆರಿಕನ್ ರಿಚರ್ಡ್ಸ್. ಆತನ ಮಗಳು ಗ್ರೇಸಳನ್ನು ಕೋನಂಟ್ 1921ರಲ್ಲಿ ಮದುವೆಯಾದ. ಮೊದಲು ಸಾವಯವ ರಸಾಯನದಲ್ಲಿ ದೇಶದ ಅಗ್ರಗಣ್ಯನಾಗುವುದು, ಆಮೇಲೆ ಹಾರ್ವರ್ಡಿನ ಅಧ್ಯಕ್ಷ, ಅದಾದ ಮೇಲೆ ಕೇಂದ್ರದ ಸಚಿವ ಎಂದು ತನ್ನ ಮೂರು ಹಂಬಲಗಳನ್ನು ಮದುವೆಗೆ ಮುಂಚೆ ಆಕೆಯ ಮುಂದೆ ಹೇಳಿಕೊಂಡಿದ್ದನಂತೆ. ಮೂರನೆಯದು ಮಾತ್ರ ಕೈಗೂಡಲಿಲ್ಲ.

ಡಾಕ್ಟರೇಟ್ ಸಿಕ್ಕ ವರ್ಷ ಇಬ್ಬರು ಗೆಳೆಯರೊಂದಿಗೆ ನ್ಯೂಯಾರ್ಕಿನಲ್ಲಿ ರಾಸಾಯನಿಕಗಳ ಒಂದು ಚಿಕ್ಕ ಕಾರ್ಖಾನೆ ಹೂಡಿದ. ಯುದ್ಧದ ಕಾರಣ ಜರ್ಮನಿಯಿಂದ ರಾಸಾಯನಿಕಗಳ ಆಮದು ನಿಂತು ಬೆಲೆ ಏರಿದ್ದ ಕಾಲ ಅದು. ಮೊದಲಿನ ಕಟ್ಟಡ ಸುಟ್ಟುಹೋಯಿತು. ಕಾರ್ಖಾನೆ ನೆವಾರ್ಕಿಗೆ ಹೋದ ಮೇಲೆ ಸ್ಫೋಟವಾಗಿ ಪಾಲುದಾರ ಸ್ಟ್ಯಾನ್ಲಿ ಪೆನಾಕ್ ಸತ್ತ. ಪಾಠ ಹೇಳಲು ಕರೆ ಬಂದಿದ್ದರಿಂದ ಕೋನಂಟ್ ಅಷ್ಟರಲ್ಲಿ ಹಾರ್ವರ್ಡಿಗೆ ಮರಳಿದ್ದ. ಅಮೆರಿಕ ಮೊದಲ ಮಹಾಯುದ್ಧಕ್ಕಿಳಿದಾಗ ಸೇನೆಯ ವಿಷಾನಿಲ ವಿಭಾಗ ಸೇರಿ, 1918ರಲ್ಲಿ ಓಹಾಯೋದ ವಿಲೋಬಿ ಎಂಬಲ್ಲಿ ಲೂಯಿಸೈಟ್ ಅನಿಲದ ತಯಾರಿಕೆಯ ಹೊಣೆ ಹೊತ್ತ. ಇಪ್ಪತ್ತೈದಕ್ಕೇ ಮೇಜರ್ ಆದ. ಅನಿಲ ರಣರಂಗ ತಲುಪುವ ಮುಂಚೆ ಯುದ್ಧ ಮುಗಿಯಿತು. ಗುಂಡು ಸಿಡಿದು ಕರುಳು ಬಗೆಯುವುದಕ್ಕಿಂತ ಅನಿಲದಿಂದ ಕೊಲ್ಲುವುದು ಹೇಗೆ ಹೆಚ್ಚು ಅನೈತಿಕ ಎಂಬುದು ತನಗೆ ಅಂದೂ ಹೊಳೆಯಲಿಲ್ಲ, ಮುಂದೆಯೂ ಹೊಳೆಯಲಿಲ್ಲವೆಂದು ಈತ ಮುಪ್ಪಿನಲ್ಲಿ ಬರೆದುಕೊಂಡ. 1945ರ ಕೋನಂಟನನ್ನು ಅರಿಯಬೇಕಾದವರು ಈ ಮಾತನ್ನು ನೆನಪಿಡಬೇಕು.

ರಸಾಯನವಿಜ್ಞಾನಿಯಾಗಿ

1919ರಿಂದ 1933ರವರೆಗಿನ ಹದಿನಾಲ್ಕು ವರ್ಷ ಈತನ ವಿಜ್ಞಾನದ ಜೀವನ. ಸಾವಯವ ಸಂಯುಕ್ತಗಳ ಕ್ರಿಯೆಗಳನ್ನು ಭೌತ ರಸಾಯನದ ಅಳತೆಗಳಿಂದ ವಿವರಿಸುವುದು ಆಗ ಅಮೆರಿಕದಲ್ಲಿ ಹೊಸ ದಾರಿ. ಅದನ್ನು ತುಳಿದವರಲ್ಲಿ ಕೋನಂಟ್ ಮುಂಚೂಣಿಯವ. ಮಾಮೂಲಿ ಖನಿಜಾಮ್ಲಗಳಿಗಿಂತ ಪ್ರಬಲವಾದ ಆಮ್ಲದ್ರಾವಣಗಳಿಗೆ ‘ಸೂಪರ್ ಆಸಿಡ್’ ಎಂಬ ಹೆಸರನ್ನು 1927ರಲ್ಲಿ ಮೊದಲು ಬಳಸಿದವರು ನಾರಿಸ್ ಹಾಲ್ ಮತ್ತು ಈತ. ರಕ್ತದ ಹೀಮೊಗ್ಲೊಬಿನ್ನಿನಲ್ಲಿರುವ ಕಬ್ಬಿಣದ ಉತ್ಕರ್ಷಣ ಸ್ಥಿತಿಯನ್ನು ಕುರಿತೂ ಎಲೆಹಸಿರಿನ ರಚನೆಯನ್ನು ಕುರಿತೂ ನಡೆಸಿದ ಸಂಶೋಧನೆಗಳು ಹೆಸರು ತಂದವು. ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಸ್ಥೆ ಈತನನ್ನು ಸೆಳೆಯಲು ನೋಡಿದಾಗ ಹಾರ್ವರ್ಡ್ ಸವಲತ್ತು ಹೆಚ್ಚಿಸಿ ಉಳಿಸಿಕೊಂಡಿತು. ಪಾಲ್ ಬಾರ್ಟ್‌ಲೆಟ್, ಫ್ರಾಂಕ್ ವೆಸ್ಟ್‌ಹೈಮರ್ ಈತನ ಶಿಷ್ಯರು. ಇನ್ನೊಬ್ಬ ಶಿಷ್ಯ ಲೂಯಿ ಫೀಸರ್ 1942ರಲ್ಲಿ ನೇಪಾಮ್ ಎಂಬ ಉರಿಬಾಂಬಿನ ದ್ರವ್ಯವನ್ನು ಕಂಡುಹಿಡಿದ. ಅದರ ಪರೀಕ್ಷೆಯೂ ನಡೆದದ್ದು ಹಾರ್ವರ್ಡಿನ ಆಟದ ಬಯಲೊಂದರಲ್ಲೇ.

1925ರಲ್ಲಿ ಎಂಟು ತಿಂಗಳು ಜರ್ಮನಿಯ ವಿಶ್ವವಿದ್ಯಾಲಯಗಳನ್ನು ಸುತ್ತಿಬಂದದ್ದು ಈತನ ಆಡಳಿತಕ್ಕೆ ಬುನಾದಿಯಾಯಿತೆನ್ನಬೇಕು. ಅಲ್ಲಿ ಪ್ರಾಧ್ಯಾಪಕನ ಆಯ್ಕೆ ಸಂಶೋಧನೆಯ ಬಲದ ಮೇಲೆ ನಡೆಯುತ್ತಿತ್ತು; ವಿಶ್ವವಿದ್ಯಾಲಯಗಳು ಒಳ್ಳೆಯ ತಲೆಗಳಿಗಾಗಿ ಪರಸ್ಪರ ಹೆಣಗುತ್ತಿದ್ದವು. ಹಾರ್ವರ್ಡಿನಲ್ಲಿ ಅದೇ ಕೆಲಸ ಪರಿಚಯ, ಸೌಜನ್ಯ, ಸೇವಾವಧಿಗಳ ಮೇಲೆ ಸಾಗುತ್ತಿತ್ತು.

ಹಾರ್ವರ್ಡಿನ ಅಧ್ಯಕ್ಷಪದವಿ

ಅಮೆರಿಕದ ವಿಶ್ವವಿದ್ಯಾಲಯದ ಅಧ್ಯಕ್ಷನೆಂದರೆ ಸ್ಥೂಲವಾಗಿ ನಮ್ಮ ಕುಲಪತಿ. ವ್ಯತ್ಯಾಸವೆಂದರೆ ಹಾರ್ವರ್ಡಿನಂಥ ಖಾಸಗಿ ಸಂಸ್ಥೆಯಲ್ಲಿ ಆತನ ಮೇಲೆ ಸರ್ಕಾರವಾಗಲಿ ರಾಜ್ಯಪಾಲರಾಗಲಿ ಇಲ್ಲ. ಅವಧಿಯ ಮಿತಿಯೂ ಇಲ್ಲ. ಕಾರ್ಪೊರೇಷನ್ ಎಂಬ ಚಿಕ್ಕ ಮಂಡಲಿ (ಆಗ ಏಳು ಜನರದು) ಆರಿಸುತ್ತದೆ, ಓವರ್‌ಸಿಯರ್ಸ್ ಎಂಬ ದೊಡ್ಡ ಮಂಡಲಿ ಒಪ್ಪಿಗೆ ಕೊಡುತ್ತದೆ. ಚಾರ್ಲ್ಸ್ ಎಲಿಯಟ್ ನಲವತ್ತು ವರ್ಷ (1869-1909), ಲಾರೆನ್ಸ್ ಲೋವೆಲ್ ಇಪ್ಪತ್ತನಾಲ್ಕು ವರ್ಷ ಆ ಕುರ್ಚಿಯಲ್ಲಿದ್ದರು. 1933ರ ಮೇ ತಿಂಗಳಲ್ಲಿ ಕೋನಂಟನ ಹೆಸರು ಹೊರಬಿದ್ದಾಗ ಅನೇಕರಿಗೆ ಬೆರಗು. ರಸಾಯನವಿಜ್ಞಾನಿಯನ್ನು ಆರಿಸಬಾರದಿತ್ತು ಎಂದು ದಾರ್ಶನಿಕ ವೈಟ್‌ಹೆಡ್ ಗೊಣಗಿದನಂತೆ. ಎಲಿಯಟ್ಟನೂ ರಸಾಯನದವನೇ ಅಲ್ಲವೇ ಎಂದು ಯಾರೋ ನೆನಪಿಸಿದಾಗ, ಹೌದು, ಆದರೆ ಆತ ಕೆಟ್ಟ ರಸಾಯನವಿಜ್ಞಾನಿ ಎಂದನೆಂಬ ಕಥೆ ಹಾರ್ವರ್ಡಿನಲ್ಲಿ ಇಂದೂ ಓಡಾಡುತ್ತದೆ. ಹಾಸ್ಯ ಹಾಗಿರಲಿ, ವೈಟ್‌ಹೆಡ್‌ನ ಅಳುಕಿನಲ್ಲಿ ಹುರುಳಿತ್ತು: ನಿಜವಾದ ಪ್ರಯೋಗಶೀಲ ತನ್ನ ರೀತಿಯನ್ನು ಎಲ್ಲೆಡೆಗೂ ಹಬ್ಬಿಸುತ್ತಾನೆ.

ಅಧಿಕಾರಸ್ವೀಕಾರದ ಆಡಂಬರವನ್ನು ಕೋನಂಟ್ ಬೇಡವೆಂದ. ಬೆಳಗಿನ ಏಳು ಗಂಟೆಗೆ ಕಾಲೇಜಿನ ಅಂಗಳದಲ್ಲಿ ಬಾರಿಸುತ್ತಿದ್ದ ಗಂಟೆಯನ್ನು ನಿಲ್ಲಿಸಿದ, ಬಿ.ಎ. ಪದವಿಗೆ ಲ್ಯಾಟಿನ್ ಕಡ್ಡಾಯವೆಂಬ ಹಳೆಯ ಕಟ್ಟಳೆ ಬಿದ್ದುಹೋಯಿತು. ಇವು ಚಿಲ್ಲರೆ ವಿಷಯಗಳು. ನಿಜವಾದ ಬದಲಾವಣೆ ಎರಡು ಕಡೆ ನಡೆಯಿತು: ಯಾರು ಒಳಗೆ ಬರಬೇಕು, ಯಾರು ಒಳಗೆ ಉಳಿಯಬೇಕು.

ಒಳಗೆ ಬರುವವರ ವಿಷಯದಲ್ಲಿ ಈತನ ಅಸ್ತ್ರ ರಾಷ್ಟ್ರೀಯ ವಿದ್ಯಾರ್ಥಿವೇತನ. ಹಾರ್ವರ್ಡಿನ ಹುಡುಗರಲ್ಲಿ ಹೆಚ್ಚಿನವರು ನ್ಯೂ ಇಂಗ್ಲೆಂಡಿನ ಖಾಸಗಿ ವಸತಿಶಾಲೆಗಳಿಂದ ಬಂದವರು. 1934ರಿಂದ ಮಧ್ಯಪಶ್ಚಿಮ ರಾಜ್ಯಗಳ ಸಾಮಾನ್ಯ ಶಾಲೆಗಳ ಜಾಣ ಹುಡುಗರನ್ನು ಹುಡುಕಿ, ಮನೆಯವರ ಶಕ್ತಿ ಎಷ್ಟಿದೆಯೋ ಅಷ್ಟನ್ನು ಕಳೆದು ಉಳಿದ ಪೂರ್ತಿ ವೆಚ್ಚವನ್ನು ವಿಶ್ವವಿದ್ಯಾಲಯವೇ ಕೊಡುವ ವ್ಯವಸ್ಥೆಯಾಯಿತು. ಬಡ ಹುಡುಗ ಊಟದ ಮನೆಯಲ್ಲಿ ತಟ್ಟೆ ಎತ್ತಿ ಓದಬೇಕಾದ ಪಾಡು ತಪ್ಪಬೇಕೆಂಬುದು ಉದ್ದೇಶ. ಇಲಿನಾಯ್‌ನಿಂದ 1935ರಲ್ಲಿ ಈ ವೇತನ ಪಡೆದು ಬಂದ ಜೇಮ್ಸ್ ಟೋಬಿನ್ ಮುಂದೆ ಅರ್ಥಶಾಸ್ತ್ರದಲ್ಲಿ ನೊಬೆಲ್ ಗಳಿಸಿದ.

ಆದರೆ ಅಯೋವಾದ ಯಾವುದೋ ಊರಿನ ಶಾಲೆಯ ಅಂಕಗಳನ್ನು ಬಾಸ್ಟನ್ನಿನ ಅಂಕಗಳೊಡನೆ ತೂಗುವುದು ಹೇಗೆ? ಹೆನ್ರಿ ಚಾನ್ಸಿ ಮತ್ತು ವಿಲ್ಬರ್ ಬೆಂಡರ್ ಎಂಬ ಇಬ್ಬರು ಸಹಾಯಕ ಡೀನರಿಗೆ ಇದಕ್ಕೊಂದು ಅಳತೆಗೋಲು ಹುಡುಕಲು ಕೋನಂಟ್ ಹೇಳಿದ. ಚಾನ್ಸಿ ಪ್ರಿನ್ಸ್‌ಟನ್ನಿನ ಮನಶ್ಶಾಸ್ತ್ರಜ್ಞ ಕಾರ್ಲ್ ಬ್ರಿಗಮ್‌ನನ್ನು ಕಂಡ; ಅಲ್ಲಿ ಸಿಕ್ಕಿದ್ದು ಎಸ್.ಎ.ಟಿ. ಎಂಬ, ಕಾಲೇಜು ಪ್ರವೇಶಕ್ಕಾಗಿನ ಸಾಮರ್ಥ್ಯ ಪರೀಕ್ಷೆ. ಇದರ ಹಿನ್ನೆಲೆ ಅಷ್ಟೇನೂ ಶುದ್ಧವಲ್ಲ. ಸೇನೆಯ ಬುದ್ಧಿಮತ್ತೆ ಪರೀಕ್ಷೆಗಳಿಂದ ಬೆಳೆದು ಬಂದ ಕೂಸು ಅದು. ಬ್ರಿಗಮ್ 1923ರಲ್ಲಿ ಜನಾಂಗಗಳ ಬುದ್ಧಿಯಲ್ಲಿ ಮೇಲುಕೀಳು ಕಾಣುವ ಪುಸ್ತಕ ಬರೆದು, 1930ರಲ್ಲಿ ತಾನೇ ಅದನ್ನು ಅಲ್ಲಗಳೆದಿದ್ದ. ಪರೀಕ್ಷೆಗಳೆಲ್ಲ ಒಂದೇ ಸಂಸ್ಥೆಯ ಕೈಗೆ ಹೋದರೆ ಅವುಗಳ ವ್ಯಾಪಾರ ಬೆಳೆದು ವಿಮರ್ಶೆ ಸಾಯುತ್ತದೆಂದು ಆಕ್ಷೇಪಿಸಿದವನೂ ಬ್ರಿಗಮ್ಮನೇ. 1943ರಲ್ಲಿ ಆತ ತೀರಿಕೊಂಡ. 1947ರಲ್ಲಿ ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್ ಸ್ಥಾಪನೆಯಾಗಿ, ಚಾನ್ಸಿ ಅದರ ಮುಖ್ಯಸ್ಥನಾದ, ಕೋನಂಟ್ ಆಡಳಿತ ಮಂಡಲಿಯ ಅಧ್ಯಕ್ಷನಾದ. ಹಾರ್ವರ್ಡಿನ ಬೆರಳೆಣಿಕೆಯ ವಿದ್ಯಾರ್ಥಿವೇತನಗಳಿಗೆಂದು ತಂದ ಜರಡಿ ಕ್ರಮೇಣ ಅಮೆರಿಕದ ಕೋಟ್ಯಂತರ ಮಕ್ಕಳ ಮುಂದೆ ಬಂದು ನಿಂತದ್ದು ಹೀಗೆ.

ಕೋನಂಟ್ ಇದನ್ನು ಸಮತಾವಾದವೆಂದೇ ನಂಬಿದ್ದ. ಹುಟ್ಟಿನ ಕುಲೀನತೆ ಹೋಗಿ ಸಹಜ ಪ್ರತಿಭೆಯ ಕುಲೀನತೆ ಬರಬೇಕೆಂಬ ಜೆಫರ್ಸನ್ನನ ವಿಚಾರ ಈತನಿಗೆ ಮಂತ್ರ. 1943ರ ಮೇ ತಿಂಗಳ ಅಟ್ಲಾಂಟಿಕ್ ಮಾಸಿಕದಲ್ಲಿ ಬರೆದ ಲೇಖನವೊಂದರಲ್ಲಿ ಪ್ರತಿ ಪೀಳಿಗೆಯಲ್ಲೂ ಆಸ್ತಿ ಹೊಸದಾಗಿ ಹಂಚಿಕೆಯಾಗಬೇಕೆಂಬಷ್ಟು ಮುಂದೆ ಹೋದ. ಹಾರ್ವರ್ಡಿನ ಹಣವಂತ ಪೋಷಕರಿಗೆ ಇರಿಸುಮುರಿಸಾಯಿತು. ಅದೇ ಮನುಷ್ಯ, ಯುದ್ಧದಿಂದ ಮರಳುವ ಯೋಧರಿಗೆಲ್ಲ ಸರ್ಕಾರ ಕಾಲೇಜಿನ ವೆಚ್ಚ ಕೊಡಲು ಹೊರಟಾಗ ಯೋಗ್ಯರನ್ನೂ ಅಯೋಗ್ಯರನ್ನೂ ಬೇರೆ ಮಾಡದ ಕಾಯಿದೆಯಿದೆಂದು ಟೀಕಿಸಿದ. ಯೋಧರು ಬಂದರು; ಹಾರ್ವರ್ಡ್ ಕಂಡ ಅತ್ಯುತ್ತಮ ವಿದ್ಯಾರ್ಥಿಗಳೆನಿಸಿಕೊಂಡರು. ಕೋನಂಟ್ ಅದನ್ನು ಬಹಿರಂಗವಾಗಿ ಒಪ್ಪಿಕೊಂಡದ್ದು ಮೆಚ್ಚತಕ್ಕದ್ದೇ. ಬೇರ್ಪಡಿಸದೆಯೂ ಒಳ್ಳೆಯದು ಸಿಗಬಹುದೆಂಬ ಈ ಸಾಕ್ಷಿ ಕಣ್ಣೆದುರಿಗಿದ್ದರೂ ಈತನ ಮೂಲ ನಂಬಿಕೆ ಕದಲಲಿಲ್ಲ.

ಒಳಗೆ ಉಳಿಯುವವರ ವಿಷಯ ಹೆಚ್ಚು ಕಹಿಯಾಯಿತು. ತರುಣ ಅಧ್ಯಾಪಕರು ನಿಗದಿತ ಅವಧಿಯೊಳಗೆ ಕಾಯಂ ಹುದ್ದೆಗೇರಬೇಕು, ಇಲ್ಲವೇ ಜಾಗ ಖಾಲಿ ಮಾಡಬೇಕು, ಮಾನದಂಡ ಸಂಶೋಧನೆ. 1937ರಲ್ಲಿ ರೇಮಂಡ್ ವಾಲ್ಶ್ ಮತ್ತು ಆಲನ್ ಸ್ವೀಜಿ ಎಂಬ ಇಬ್ಬರು ಅರ್ಥಶಾಸ್ತ್ರದ ಅಧ್ಯಾಪಕರಿಗೆ ಮುಂದಿನ ನೇಮಕವಿಲ್ಲವೆಂದು ತಿಳಿಸಲಾಯಿತು. ಇಬ್ಬರೂ ಎಡಪಂಥೀಯರು, ಅಧ್ಯಾಪಕರ ಸಂಘದಲ್ಲಿ ದುಡಿಯುತ್ತಿದ್ದವರು, ಪಾಠದಲ್ಲಿ ಜನಪ್ರಿಯರು. ಗದ್ದಲವೆದ್ದು ಎಂಟು ಪ್ರಾಧ್ಯಾಪಕರ ಸಮಿತಿ ಕೂತು ಇಡೀ ನೇಮಕಾತಿ ಪದ್ಧತಿಯನ್ನೇ ಪರಿಶೀಲಿಸಿತು. ಅದರ ಶಿಫಾರಸುಗಳನ್ನು ಕೋನಂಟ್ ಅಕ್ಷರಶಃ ಜಾರಿ ಮಾಡಹೊರಟು 1939ರಲ್ಲಿ ಹಲವು ಸಹಾಯಕ ಪ್ರಾಧ್ಯಾಪಕರನ್ನು ಒಮ್ಮೆಗೇ ಕೈಬಿಟ್ಟಾಗ ಅಧ್ಯಾಪಕವರ್ಗ ಸಿಡಿದೆದ್ದಿತು. ಕೊನೆಗೆ ಅವರ ಸಭೆಯಲ್ಲಿ ತಾನು ಎಡವಿದೆನೆಂದು ಹೇಳಬೇಕಾಯಿತು. ಹೊರಗಿನ ವಿದ್ವಾಂಸರನ್ನು ಸೇರಿಸಿಕೊಂಡ ತಾತ್ಕಾಲಿಕ ಸಮಿತಿಯೊಂದು ಪ್ರತಿಯೊಂದು ಕಾಯಂ ನೇಮಕವನ್ನೂ ಪರಿಶೀಲಿಸುವ ಪದ್ಧತಿ ಆ ಜಗಳದಿಂದ ಹುಟ್ಟಿಕೊಂಡು ಉಳಿಯಿತು. ಇಂದು ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಇದು ಮಾಮೂಲು; ಪಾಠ ಚೆನ್ನಾಗಿ ಹೇಳುವ ಮೇಷ್ಟ್ರಿಗೆ ಬೆಲೆ ಕುಗ್ಗಿತೆಂಬ ದೂರೂ ಅಷ್ಟೇ ಹಳೆಯದು.

ನಾಜಿ ಜರ್ಮನಿಯ ವಿಷಯದಲ್ಲಿ ಕೋನಂಟನ ದಾಖಲೆ ಮಬ್ಬಾಗಿದೆ. ಹಿಟ್ಲರನ ಆಪ್ತನಾಗಿದ್ದ ಹಾರ್ವರ್ಡಿನ ಹಳೆಯ ವಿದ್ಯಾರ್ಥಿ ಅರ್ನ್‌ಸ್ಟ್ ಹಾನ್ಫ್‌ಸ್ಟಾಂಗ್ಲ್ 1934ರಲ್ಲಿ ಕೊಡಬಂದ ಸಾವಿರ ಡಾಲರುಗಳ ವಿದ್ಯಾರ್ಥಿವೇತನವನ್ನು ಈತ ನಿರಾಕರಿಸಿದ್ದು ಪ್ರಸಿದ್ಧ. ಆದರೆ ಯೆಹೂದ್ಯ ಪ್ರಾಧ್ಯಾಪಕರನ್ನು ಹೊರಹಾಕಿದ್ದ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ 1936ರ ಉತ್ಸವಕ್ಕೆ ಹಾರ್ವರ್ಡಿನ ಪ್ರತಿನಿಧಿ ಹೋದ. ನಿರಾಶ್ರಿತ ರಸಾಯನವಿಜ್ಞಾನಿ ಮ್ಯಾಕ್ಸ್ ಬರ್ಗ್‌ಮನ್ ಬಗ್ಗೆ ಡುಪಾಂಟ್ ಕಂಪನಿ ಅಭಿಪ್ರಾಯ ಕೇಳಿದಾಗ 1933ರಲ್ಲಿ ಈತ ಬರೆದ ಉತ್ತರದಲ್ಲಿ ಆತನ ಯೆಹೂದ್ಯ ಚಹರೆಯ ಪ್ರಸ್ತಾಪವಿದೆ. ಯೋಗ್ಯತೆಯೊಂದೇ ಮಾನದಂಡ ಎಂದವನ ತಕ್ಕಡಿಯಲ್ಲೂ ಕಲ್ಲು ಸರಿಯಿರಲಿಲ್ಲ.

ಯುದ್ಧ ಮತ್ತು ಬಾಂಬು

1940ರಲ್ಲಿ ಫ್ರಾನ್ಸ್ ಬೀಳುತ್ತಿದ್ದಂತೆ ಬ್ರಿಟನ್ನಿಗೆ ನೆರವು ಕೊಡಬೇಕೆಂದು ಬಹಿರಂಗವಾಗಿ ವಾದಿಸಿದವರಲ್ಲಿ ಕೋನಂಟ್ ಒಬ್ಬ. ಯುದ್ಧ ಬೇಡವೆನ್ನುತ್ತಿದ್ದ ತನ್ನದೇ ವಿದ್ಯಾರ್ಥಿಗಳ ಟೀಕೆಗೂ ಗುರಿಯಾದ. ಆ ಜೂನ್‌ನಲ್ಲಿ ಎಂಜಿನಿಯರ್ ವ್ಯಾನೆವರ್ ಬುಷ್ ಕಟ್ಟಿದ ರಾಷ್ಟ್ರೀಯ ರಕ್ಷಣಾ ಸಂಶೋಧನ ಸಮಿತಿಯಲ್ಲಿ ಬಾಂಬು, ಇಂಧನ, ಅನಿಲಗಳ ವಿಭಾಗ ಈತನ ಪಾಲಿಗೆ ಬಂತು. ಮರುವರ್ಷ ಅದರ ಅಧ್ಯಕ್ಷತೆಯೂ ಬಂತು. ವಾರದ ಬಹುಪಾಲು ವಾಷಿಂಗ್ಟನ್ನಿನಲ್ಲಿ ಕಳೆದು, ಹಾರ್ವರ್ಡಿನ ದಿನನಿತ್ಯದ ಆಡಳಿತವನ್ನು ಇತಿಹಾಸಕಾರ ಪಾಲ್ ಬಕ್‌ಗೆ ಬಿಟ್ಟುಕೊಟ್ಟ. ಸರ್ಕಾರ ವಿಜ್ಞಾನಿಗಳನ್ನು ಸೈನಿಕರಾಗಿ ಸೇರಿಸಿಕೊಳ್ಳುವ ಬದಲು ವಿಶ್ವವಿದ್ಯಾಲಯಗಳೊಡನೆ ಕರಾರು ಮಾಡಿಕೊಳ್ಳುವ ಪದ್ಧತಿ ಬೇರೂರಿದ್ದು ಈ ಸಮಿತಿಯಿಂದ. ಅಮೆರಿಕದ ಸಂಶೋಧನ ವಿಶ್ವವಿದ್ಯಾಲಯದ ಇಂದಿನ ಹಣಕಾಸಿನ ಬೇರು ಇಲ್ಲಿದೆ.

ಪರಮಾಣು ಯೋಜನೆಯಲ್ಲಿ ಬುಷ್ ಮತ್ತು ಕೋನಂಟ್ ಶ್ವೇತಭವನಕ್ಕೂ ವಿಜ್ಞಾನಿಗಳಿಗೂ ನಡುವಿನ ಕೊಂಡಿ. 1942ರ ಡಿಸೆಂಬರ್ 2ರಂದು ಷಿಕಾಗೊದಲ್ಲಿ ಭೌತವಿಜ್ಞಾನಿ ಫರ್ಮಿಯ ಸರಣಿಕ್ರಿಯೆ ಸಫಲವಾದಾಗ ಅಲ್ಲಿನ ಯೋಜನೆಯ ಮುಖ್ಯಸ್ಥ ಆರ್ಥರ್ ಕಾಂಪ್ಟನ್ ದೂರವಾಣಿಯಲ್ಲಿ ಗುಪ್ತಭಾಷೆಯಲ್ಲಿ ಸುದ್ದಿ ತಿಳಿಸಿದ್ದು ಕೋನಂಟನಿಗೆ. 1945ರ ಮೇ 31ರಂದು ಯುದ್ಧಸಚಿವ ಸ್ಟಿಮ್‌ಸನ್ನನ ಮಧ್ಯಂತರ ಸಮಿತಿ ಬಾಂಬಿನ ಬಳಕೆಯನ್ನು ಚರ್ಚಿಸಲು ಸೇರಿದಾಗ, ಬಹಳ ಕಾರ್ಮಿಕರು ದುಡಿಯುವ, ಸುತ್ತ ಕಾರ್ಮಿಕರ ಮನೆಗಳು ಒತ್ತಾಗಿರುವ ಯುದ್ಧಸಾಮಗ್ರಿಯ ಕಾರ್ಖಾನೆಯೊಂದು ತಕ್ಕ ಗುರಿ ಎಂದು ಸೂಚಿಸಿದವನು ಈತನೇ. ಸ್ಟಿಮ್‌ಸನ್ ಒಪ್ಪಿದ. ಮೂಲ ಇಂಗ್ಲಿಷ್ ವಾಕ್ಯದಲ್ಲಿ ಮೊದಲು ಕಾರ್ಖಾನೆ, ಆಮೇಲೆ ಮನೆಗಳು. ಹಿರೋಷಿಮಾದಲ್ಲಿ ಆ ಅಂತರ ಉಳಿಯಲಿಲ್ಲ. ಜುಲೈ 16ರ ಬೆಳಗಿನ ಜಾವ ನ್ಯೂಮೆಕ್ಸಿಕೊದ ಮರುಭೂಮಿಯಲ್ಲಿ ಮೊದಲ ಸ್ಫೋಟವನ್ನು ನೆಲದ ಮೇಲೆ ಮಲಗಿ ನೋಡಿದ. ಬೆಳಕು ನಿರೀಕ್ಷೆಗಿಂತ ಹೆಚ್ಚು ಹೊತ್ತು ನಿಂತಾಗ, ಎಲ್ಲೋ ಲೆಕ್ಕ ತಪ್ಪಿ ಲೋಕವೇ ಹೊತ್ತಿಕೊಂಡಿತೆಂದು ಒಂದು ಕ್ಷಣ ಅನ್ನಿಸಿತಂತೆ.

ಬಾಂಬು ಹಾಕಿದ್ದು ಸರಿಯೆಂಬ ನಿಲುವನ್ನು ಕೋನಂಟ್ ಮುಂದೆಂದೂ ಬಿಡಲಿಲ್ಲ. 1946ರಲ್ಲಿ ಸಂದೇಹದ ದನಿಗಳು ಏಳತೊಡಗಿದಾಗ ಸ್ಟಿಮ್‌ಸನ್ನನೇ ಸಮರ್ಥನೆ ಬರೆಯಲೆಂದು ತೆರೆಮರೆಯಲ್ಲಿ ಒತ್ತಾಯಿಸಿದ. 1947ರ ಫೆಬ್ರವರಿಯಲ್ಲಿ ಹಾರ್ಪರ್ಸ್ ಪತ್ರಿಕೆಯಲ್ಲಿ ಬಂದ ಆ ಲೇಖನ ಅಮೆರಿಕನ್ನರ ತಿಳಿವಳಿಕೆಯನ್ನು ದಶಕಗಳ ಕಾಲ ರೂಪಿಸಿತು. ಹಾಗೆಂದು ಈತನನ್ನು ಬಾಂಬಿನ ಭಕ್ತನೆನ್ನಲಾಗದು. 1949ರಲ್ಲಿ ಜಲಜನಕ ಬಾಂಬನ್ನು ಗಟ್ಟಿಯಾಗಿ ವಿರೋಧಿಸಿದ. ಬಾಂಬು ಕಟ್ಟಿದ ಪ್ರಯೋಗಶಾಲೆಯ ನಿರ್ದೇಶಕನಾಗಿದ್ದ ಓಪನ್‌ಹೈಮರ್‌ನ ನಿಷ್ಠೆಯನ್ನು ಶಂಕಿಸಿ ನಡೆದ 1954ರ ವಿಚಾರಣೆಯಲ್ಲಿ ಆತನ ಪರ ಸಾಕ್ಷ್ಯ ನುಡಿದ. ಒಳಗಿನ ಭಯ ಎಷ್ಟಿತ್ತೆಂಬುದಕ್ಕೆ 1951ರಲ್ಲಿ ಬರೆದು ಮುದ್ರೆಯೊತ್ತಿ, ಮುಂದಿನ ಶತಮಾನದ ಆರಂಭದಲ್ಲಿರುವ ಹಾರ್ವರ್ಡ್ ಅಧ್ಯಕ್ಷರಿಗೆಂದು ಇಟ್ಟ ಪತ್ರವೇ ಗುರುತು. 2007ರಲ್ಲಿ ಡ್ರೂ ಫಾಸ್ಟ್ ಅಧಿಕಾರ ವಹಿಸಿಕೊಂಡಾಗ ಅದನ್ನು ತೆರೆದು ಪ್ರಸ್ತಾಪಿಸಿದರು: ಮೂರನೆಯ ಮಹಾಯುದ್ಧ ಬಂದು ನಗರಗಳು ಹಾಳಾಗುವ ಸಾಧ್ಯತೆಯ ಮಾತು ಅದರಲ್ಲಿತ್ತು.

ವಿಜ್ಞಾನದ ಪಾಠ

ಯುದ್ಧ ಮುಗಿಯುವ ಮೊದಲೇ ಸಾಮಾನ್ಯ ಶಿಕ್ಷಣವನ್ನು ಕುರಿತು ಒಂದು ಸಮಿತಿ ನೇಮಿಸಿದ್ದ. 1945ರಲ್ಲಿ ಬಂದ ಅದರ ವರದಿ ಕೆಂಪು ಪುಸ್ತಕವೆಂದೇ ಹೆಸರಾಗಿ ಅನೇಕ ಕಾಲೇಜುಗಳ ಪಠ್ಯಕ್ರಮ ಬದಲಿಸಿತು. ಇದಕ್ಕಿಂತ ಫಲವತ್ತಾದದ್ದು ಕೋನಂಟ್ ತಾನೇ ಕೈಹಾಕಿದ ಪಾಠ. ವಿಜ್ಞಾನಿಗಳಾಗದ ವಿದ್ಯಾರ್ಥಿಗಳಿಗೆ ವಿಜ್ಞಾನದ ಫಲಿತಾಂಶಗಳನ್ನು ಉರುಹಚ್ಚಿಸುವುದರಿಂದ ಪ್ರಯೋಜನವಿಲ್ಲ; ವಿಜ್ಞಾನ ನಡೆಯುವ ಬಗೆ ಗೊತ್ತಾಗಬೇಕು ಎಂದುಕೊಂಡು ಬಾಯ್ಲ್‌ನ ಗಾಳಿಯ ಪಂಪು, ಲವ್ವಾಸಿಯೆಯ ದಹನ ಮುಂತಾದ ಚಾರಿತ್ರಿಕ ಪ್ರಸಂಗಗಳನ್ನೇ ಪಾಠ ಮಾಡಿದ. 1947ರಲ್ಲಿ ಇದಕ್ಕೆ ನೆರವಾಗಲು ಕರೆದದ್ದು ಭೌತವಿಜ್ಞಾನದಲ್ಲಿ ಡಾಕ್ಟರೇಟಿಗೆ ಓದುತ್ತಿದ್ದ ತಾಮಸ್ ಕೂನ್ ಎಂಬ ತರುಣನನ್ನು. ಪಾಠದ ತಯಾರಿಗೆಂದು ಅರಿಸ್ಟಾಟಲನನ್ನು ಓದಹೋದ ಕೂನ್ ಭೌತವಿಜ್ಞಾನವನ್ನು ಬಿಟ್ಟು ಇತಿಹಾಸಕ್ಕೆ ಹೊರಳಿದ. ವೈಜ್ಞಾನಿಕ ಕ್ರಾಂತಿಗಳನ್ನು ಕುರಿತ ಆತನ 1962ರ ಪುಸ್ತಕ ಕೋನಂಟನಿಗೇ ಅರ್ಪಿತವಾಗಿದೆ. ಆಡಳಿತಗಾರನಾಗಿ ಈತ ಮಾಡಿದ ಎಷ್ಟೋ ಏರ್ಪಾಡುಗಳಿಗಿಂತ ಈ ಒಂದು ಪಾಠದ ಪರಿಣಾಮ ಹೆಚ್ಚು ದೂರ ಹೋಯಿತೆಂದು ಈ ಲೇಖಕನ ಎಣಿಕೆ.

ಹೆಣ್ಣುಮಕ್ಕಳ ಪ್ರವೇಶ ಈತನ ಉತ್ಸಾಹದಿಂದ ಆದದ್ದಲ್ಲ. ಯುದ್ಧದಲ್ಲಿ ಗಂಡಸರು ಖಾಲಿಯಾದಾಗ, 1943ರಲ್ಲಿ ರ್‍ಯಾಡ್‌ಕ್ಲಿಫ್ ಕಾಲೇಜಿನ ವಿದ್ಯಾರ್ಥಿನಿಯರು ಹಾರ್ವರ್ಡಿನ ತರಗತಿಗಳಲ್ಲಿ ಕೂರುವ ಒಪ್ಪಂದವಾಯಿತು. ವೈದ್ಯಕೀಯ ಶಾಲೆ 1945ರಲ್ಲಿ, ಕಾನೂನು ಶಾಲೆ 1950ರಲ್ಲಿ ಬಾಗಿಲು ತೆರೆದವು. ಶೀತಲಸಮರ ಬಿಗಿಯಾದಂತೆ, ಕಮ್ಯುನಿಸ್ಟ್ ಪಕ್ಷದ ಸದಸ್ಯರು ಅಧ್ಯಾಪಕರಾಗಲು ತಕ್ಕವರಲ್ಲವೆಂಬ 1949ರ ವರದಿಗೆ ಸಹಿ ಹಾಕಿದ. ಇಂಥವರನ್ನು ಹುಡುಕಲು ವಿಶ್ವವಿದ್ಯಾಲಯದಲ್ಲಿ ಬೇಹು ನಡೆಸುವುದು ಬೇಡವೆಂದೂ ಹೇಳಿದ. ಎರಡೂ ಮಾತು ಒಟ್ಟಿಗೆ ನಿಲ್ಲುವುದು ಕಷ್ಟವೆಂದು ಆಗಲೇ ಹಲವರಿಗೆ ಕಂಡಿತು.

ಕೊನೆಯ ವರ್ಷಗಳು

1953ರ ಆರಂಭದಲ್ಲಿ ಹಾರ್ವರ್ಡ್ ಬಿಟ್ಟು ಐಸೆನ್‌ಹೋವರ್ ಸರ್ಕಾರದ ಹೈಕಮಿಷನರನಾಗಿ ಜರ್ಮನಿಗೆ ಹೋದ. 1955ರಿಂದ 1957ರವರೆಗೆ ರಾಯಭಾರಿಯಾಗಿದ್ದ. ಮರಳಿದ ಮೇಲೆ ಶಾಲಾಶಿಕ್ಷಣ ಈತನ ಕ್ಷೇತ್ರ. ಕಾರ್ನೆಗಿ ಸಂಸ್ಥೆಯ ಹಣದಿಂದ ಪ್ರೌಢಶಾಲೆಗಳನ್ನು ಸುತ್ತಿ ಬರೆದ ಅಮೆರಿಕದ ಪ್ರೌಢಶಾಲೆಯ ವರದಿ 1959ರಲ್ಲಿ ಬಿಸಿಬಿಸಿಯಾಗಿ ಮಾರಾಟವಾಯಿತು. ಚಿಕ್ಕ ಶಾಲೆಗಳನ್ನು ಕೂಡಿಸಿ, ಕೊನೆಯ ತರಗತಿಯಲ್ಲಿ ಕನಿಷ್ಠ ನೂರು ಮಕ್ಕಳಿರುವಂತೆ ದೊಡ್ಡದು ಮಾಡಬೇಕೆಂಬ ಸಲಹೆ ಅದರದು. 1961ರಲ್ಲಿ ಕೊಳೆಗೇರಿ ಮತ್ತು ಉಪನಗರಗಳ ಶಾಲೆಗಳನ್ನು ಹೋಲಿಸಿ ಬರೆದ ಚಿಕ್ಕ ಪುಸ್ತಕದ ದನಿ ಬೇರೆ. ಕೆಲಸವೂ ಓದೂ ಇಲ್ಲದ ಕಪ್ಪು ತರುಣರು ನಗರಗಳಲ್ಲಿ ತುಂಬಿಕೊಳ್ಳುವುದು ಸಿಡಿಮದ್ದು ಪೇರಿಸಿದಂತೆ ಎಂದು ಅದರಲ್ಲಿ ಎಚ್ಚರಿಸಿದ. ಕೆಲವೇ ವರ್ಷಗಳಲ್ಲಿ ನಗರಗಳು ಉರಿದವು. ಆತ್ಮಕಥೆ 1970ರಲ್ಲಿ ಬಂತು. ಏಳುನೂರು ಪುಟಗಳನ್ನು ಮೀರಿದ ಆ ಪುಸ್ತಕದಲ್ಲಿ ಘಟನೆಗಳಿಗೆ ಕೊರತೆಯಿಲ್ಲ, ಮನಸ್ಸು ಮಾತ್ರ ಅಪರೂಪಕ್ಕೆ ಕಾಣುತ್ತದೆ. 1978ರ ಫೆಬ್ರವರಿ 11ರಂದು ನ್ಯೂ ಹ್ಯಾಂಪ್‌ಷೈರಿನ ಹ್ಯಾನೊವರ್‌ನಲ್ಲಿ ನಿಧನನಾದ.

ಹುಟ್ಟಿನ ಕುಲೀನತೆಯನ್ನು ಬದಿಗಿಡಲೆಂದು ಕೋನಂಟ್ ನೆಚ್ಚಿದ ಎಸ್.ಎ.ಟಿ.ಯ ಅಂಕಗಳೇ ಮನೆಯ ವರಮಾನದೊಡನೆ ಏರುತ್ತವೆಂದು ಅನೇಕ ಅಧ್ಯಯನಗಳು ತೋರಿಸಿವೆ. ಹಣವುಳ್ಳವರಿಗಾಗಿ ತರಬೇತಿಯ ದೊಡ್ಡ ಉದ್ಯಮವೇ ಬೆಳೆದಿದೆ. 2020ರಲ್ಲಿ ಕೊರೊನಾ ಕಾಲದಲ್ಲಿ ಹಾರ್ವರ್ಡ್ ಈ ಅಂಕಗಳ ಕಡ್ಡಾಯವನ್ನು ಕೈಬಿಟ್ಟಿತು. ಪರೀಕ್ಷೆ ಇಲ್ಲದಿದ್ದರೆ ಬಡ ಶಾಲೆಗಳ ಜಾಣ ಮಕ್ಕಳೇ ಕಣ್ತಪ್ಪುತ್ತಾರೆಂಬ ವಾದ ಬಲಗೊಂಡು, 2024ರ ಏಪ್ರಿಲ್‌ನಲ್ಲಿ ಅದನ್ನು ಮತ್ತೆ ಜಾರಿಗೆ ತಂದಿತು.